ನಾಲ್ಕು ಬೆರಳು, ಒಂದು ಕಣ್ಣು

ಜೈಲು
29 ಮಾರ್ಚ್ 2023

ಅಕ್ಕಾ,

ಕೈ ಹೇಗಿದೆ? ಹೊಲಿಗೆ ಬಿಚ್ಚಿದರಾ? ಇಲ್ಲಿಂದ ಪತ್ರ ಬರೆಯಬಹುದು ಎಂದು ಇವತ್ತು ಗೊತ್ತಾಯಿತು. ಕಳಿಸುವ ಮೊದಲು ಆಫೀಸಿನವರು ಓದುತ್ತಾರಂತೆ. ಓದಲಿ. ಮುಚ್ಚಿಡುವಂಥದ್ದನ್ನು ನಾನೇನೂ ಮಾಡಿಲ್ಲ.

ನಿನಗೆ ಯಾರ್ಯಾರೋ ಏನೇನೋ ಹೇಳಿರುತ್ತಾರೆ. ನಡೆದದ್ದನ್ನು ನನ್ನಿಂದಲೇ ಕೇಳು. ಹದಿಮೂರನೇ ತಾರೀಖು ನಿಮ್ಮ ಫ್ಯಾಕ್ಟರಿಯಿಂದ ಫೋನ್ ಬಂದಾಗ ನಾನು ಬಿಟಿಎಂನ ಒಂದು ಆಫೀಸಿನಲ್ಲಿ ರಿಪೇರಿಗೆಂದು ಎ.ಸಿ. ಬಿಚ್ಚಿಕೊಂಡು ಕೂತಿದ್ದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿನ್ನನ್ನು ಒಳಗೆ ಕರೆದೊಯ್ದಿದ್ದರು. ಹೊರಗೆ ಬೆಂಚಿನ ಮೇಲೆ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಐಸು, ಐಸಿನ ನಡುವೆ ನಿನ್ನ ಮೂರು ಬೆರಳು. ನಾಲ್ಕನೆಯದು ಸಿಗಲಿಲ್ಲವಂತೆ. ಒಂದು ಬೆರಳಿನ ಉಗುರಿಗೆ ನೀನು ಭಾನುವಾರ ಹಚ್ಚಿಕೊಂಡಿದ್ದ ಮದರಂಗಿ ಹಾಗೇ ಇತ್ತು. "ಜಜ್ಜಿಹೋಗಿದೆ, ಜೋಡಿಸೋಕಾಗಲ್ಲ" ಎಂದು ನರ್ಸ್ ಆ ಕವರನ್ನು ಎತ್ತಿಕೊಂಡು ಹೋದಳು.

ಅಲ್ಲೇ ಆ ದೇವದಾಸ ನಿಂತಿದ್ದ. ನಿಮ್ಮ ಸೆಟ್ಟರ್. ಅಂಗಿಯ ತುಂಬ ನಿನ್ನ ರಕ್ತ. ನಿಮ್ಮ ಮಾಲೀಕ ಬದರಿನಾಥ ನನ್ನ ಹೆಗಲ ಮೇಲೆ ಕೈಯಿಟ್ಟು, "ಮಷೀನ್ ಸೆಟ್ ಮಾಡೋದು ಇವನೇ ಕಣಪ್ಪ. ಸರಿಯಾಗಿ ಮಾಡಿದ್ರೆ ಹಿಂಗಾಗ್ತಿತ್ತಾ?" ಎಂದ. ದೇವದಾಸ ತಲೆ ತಗ್ಗಿಸಿದ. ಒಂದು ಮಾತಿಗಾದರೂ ಇಲ್ಲ ಎನ್ನಲಿಲ್ಲ. ಅಷ್ಟು ಸಾಕಾಯಿತು ನನಗೆ.

ಎರಡು ದಿನ ಬಿಟ್ಟು ಸಂಜೆ ಕೆಲಸ ಬಿಡುವ ಹೊತ್ತಿಗೆ ಕೋಣನಕುಂಟೆಯಲ್ಲಿ ನಿಮ್ಮ ಫ್ಯಾಕ್ಟರಿ ಗೇಟಿನ ಮುಂದೆ ನಿಂತೆ. ಕೈಯಲ್ಲಿ ಎರಡು ಅಡಿ ಪೈಪು. ಅವನು ಫೋನ್ ನೋಡುತ್ತ ಹೊರಗೆ ಬಂದ. ನನ್ನನ್ನು ಕಂಡವನೇ, "ವಿಜಯಲಕ್ಷ್ಮಿ ತಮ್ಮ ಅಲ್ವೇನಪ್ಪ? ನಿನ್ನನ್ನೇ..." ಎಂದ. ಮಾತು ಮುಗಿಸಲು ಬಿಡಲಿಲ್ಲ. ಮೊದಲ ಏಟು ಭುಜಕ್ಕೆ, ಎರಡನೆಯದು ದವಡೆಗೆ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಬಿದ್ದ ಮೇಲೂ ಹೊಡೆದೆ. ಮುಖಕ್ಕೇ ಹೊಡೆದೆ. ಯಾರಿಗಾದರೂ ಫೋನ್ ಮಾಡಿಯಾನೆಂದು ಆ ಫೋನನ್ನೂ ಚೂರುಚೂರು ಮಾಡಿದೆ. ಜನ ನನ್ನನ್ನು ಹಿಡಿದಾಗ ಬಿಡಿಸಿಕೊಳ್ಳಲಿಲ್ಲ.

ಅವ್ವ ಹೋದ ಮೇಲೆ ಈ ಹತ್ತು ವರ್ಷ ನೀನೇ ನನಗೆ ಅವ್ವ. ನಿನ್ನ ಕೈಯ ಸೇಡು ತೀರಿಸಿದ್ದೇನೆ. ನೆಮ್ಮದಿಯಾಗಿ ಮಲಗು. ಇಲ್ಲಿಗೆ ಬರಬೇಡ. ಈ ಜಾಗದಲ್ಲಿ ನಿನ್ನ ಮುಖ ನೋಡಲಾರೆ.

ನಿನ್ನ ತಮ್ಮ
ಗುರುಸಿದ್ದ


ಚಿಕ್ಕಲಸಂದ್ರ
17 ಏಪ್ರಿಲ್ 2023

ಗುರು,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇಷ್ಟಕ್ಕೇ ಎರಡು ದಿನ ಬೇಕಾಯಿತು.

ಗಾಯ ಒಣಗುತ್ತಿದೆ. ಪೊಲೀಸರು ಬಂದರೆಂದು ಓನರ್ ನಮ್ಮ ಬಿಟಿಎಂ ಮನೆ ಖಾಲಿ ಮಾಡಿಸಿದರು. ಇಲ್ಲಿ ಒಂದು ಕೋಣೆ ಸಿಕ್ಕಿದೆ.

ದೇವದಾಸ್ ಬದುಕಿದ್ದಾರೆ.

ಇಂಥದ್ದನ್ನೆಲ್ಲ ಪತ್ರದಲ್ಲಿ ಬರೆಯಬೇಡ. ಅಲ್ಲಿ ಯಾರ ಮೇಲೂ ಕೈ ಎತ್ತಬೇಡ. ಊಟ ಬಿಡಬೇಡ.

ವಿಜಿ


ಜೈಲು
2 ಮೇ 2023

ಅಕ್ಕಾ,

ನಿನ್ನ ಪತ್ರವನ್ನು ಇಪ್ಪತ್ತು ಸಲ ಓದಿದೆ. ಒಂದೊಂದು ಅಕ್ಷರವೂ ಒಂದನೇ ಕ್ಲಾಸಿನ ಮಗುವಿನದು. ಸುರಪುರದ ಶಾಲೆಯಲ್ಲಿ ಗೋಡೆಯ ಮೇಲೆ ಸುವಿಚಾರ ಬರೆಯಲು ಮಾಸ್ತರರು ನಿನ್ನನ್ನೇ ಕರೆಯುತ್ತಿದ್ದರು. ಅದು ನೆನಪಾಗಿ ಮತ್ತೊಮ್ಮೆ ರಕ್ತ ಕುದಿಯಿತು.

ನೀನು ಆ ನಾಯಿಗೂ 'ಬದುಕಿದ್ದಾರೆ' ಎಂದು ಮರ್ಯಾದೆ ಕೊಟ್ಟಿದ್ದೀ. ನಿನ್ನ ಗುಣವೇ ಅದು. ಬಾಯಲ್ಲಿ ಹೇಳದಿದ್ದರೂ ನಿನಗೆ ಸಮಾಧಾನವಾಗಿದೆ ಎಂದು ನನಗೆ ಗೊತ್ತು.

ಯಾರ ಮೇಲೂ ಕೈ ಎತ್ತಬೇಡ ಎಂದೆಯಲ್ಲ, ಎತ್ತದಿದ್ದರೆ ಇಲ್ಲಿ ನಡೆಯುವುದಿಲ್ಲ. ಹೋದ ವಾರ ನೀರಿನ ಸಾಲಿನಲ್ಲಿ ಒಬ್ಬ ನನ್ನ ಬಕೆಟ್ ಒದ್ದ. ಅವನ ತಲೆಯನ್ನು ನಲ್ಲಿಗೆ ಗುದ್ದಿದೆ. ಅವನ ಕಡೆಯ ಮೂವರು ನನ್ನನ್ನು ಬಚ್ಚಲಿನಲ್ಲಿ ಕೆಡವಿ ತುಳಿದರು. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ಉಸಿರು ಎಳೆದರೆ ನೋವು, ಅಷ್ಟೇ. ಚಿಂತೆ ಮಾಡಬೇಡ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಬದರಿನಾಥ ಸಾಹೇಬರು ಇಲ್ಲಿಗೆ ಒಬ್ಬ ವಕೀಲರನ್ನು ಕಳಿಸಿದ್ದರು. ಒಳ್ಳೆಯ ಮನುಷ್ಯ. "ತಪ್ಪೆಲ್ಲ ದೇವದಾಸಂದೇ ಅಂತ ನಮಗೂ ಗೊತ್ತು, ನಿನ್ನ ಸಿಟ್ಟು ಅರ್ಥ ಆಗುತ್ತೆ" ಎಂದರು. ದೇವದಾಸ ಕೋರ್ಟಿನಲ್ಲಿ ನನ್ನನ್ನು ಗುರುತಿಸದಂತೆ ಅವರು ಮಾತಾಡುತ್ತಾರಂತೆ. ಆಸ್ಪತ್ರೆಯ ಖರ್ಚೂ ಅವರದೇ. ನೀನು ಯಾವುದೋ ಒಂದು ಕಾಗದಕ್ಕೆ ಸಹಿ ಮಾಡಬೇಕಂತೆ. ಮಾಡಿಬಿಡು ಅಕ್ಕಾ. ದೀಪಾವಳಿಗೆ ನಾನು ಮನೆಯಲ್ಲಿರುತ್ತೇನೆ.

ಗುರುಸಿದ್ದ


ಚಿಕ್ಕಲಸಂದ್ರ
4 ಜೂನ್ 2023

ಗುರು,

ಬದರಿನಾಥ ಹೋದ ಭಾನುವಾರ ನನ್ನ ಕೋಣೆಗೇ ಬಂದಿದ್ದ. ಜೊತೆಗೆ ಡ್ರೈವರ್. ಸೇಬು ತಂದಿದ್ದ. ಇದ್ದ ಒಂದೇ ಕುರ್ಚಿಯ ಮೇಲೆ ಕೂತು ಕಾಗದ ತೆಗೆದ.

"ನೋಡಮ್ಮ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು. ಹೋದ ಬೆರಳು ಬರಲ್ಲ. ತಮ್ಮ ಬರ್ತಾನೆ. ಒಂದು ಸೈನ್ ಹಾಕು, ಎಲ್ಲ ಮುಗ್ದೋಗುತ್ತೆ."

ಓದಿದೆ. 'ತಗಡು ಕತ್ತರಿಸುವ ಪ್ರೆಸ್ಸಿನ ರಕ್ಷಣೆಯ ಜಾಲರಿಯನ್ನು (ಗಾರ್ಡ್) ನಾನೇ, ಬೇಕೆಂದೇ ಬಿಚ್ಚಿದೆ. ಮಾಲೀಕರು ಬೇಡವೆಂದರೂ ಕೇಳಲಿಲ್ಲ' ಎಂದಿತ್ತು.

ನನ್ನ ಕೇಸು ನೋಡುತ್ತಿರುವ ವಕೀಲರು ಲತಾಮಣಿ ಮೇಡಂ. ಕೂಲಿಯವರ ಕೇಸುಗಳನ್ನೇ ನಡೆಸುವವರು. ಅವರು ಮೊದಲೇ ಹೇಳಿದ್ದರು. ಕೆಲಸ ಮಾಡುವಾಗ ಕೈ ಹೋದರೆ ಪರಿಹಾರ ಕೊಡುವುದು ಮಾಲೀಕನ ಹೊಣೆ, ಅದು ಭಿಕ್ಷೆ ಅಲ್ಲ, ಹಕ್ಕು. ಆದರೆ ಗಾರ್ಡನ್ನು ಕೆಲಸದವಳೇ ಬೇಕೆಂದು ತೆಗೆದಳೆಂದು ಸಾಬೀತಾದರೆ ಮಾಲೀಕ ತಪ್ಪಿಸಿಕೊಳ್ಳುತ್ತಾನೆ. ಅವನಿಗೆ ಬೇಕಾದದ್ದು ಅದೊಂದೇ ಸಾಲು.

"ನಾ ಸಹಿ ಮಾಡಂಗಿಲ್ರಿ" ಎಂದೆ.

"ಸೈನ್ ಬರಲ್ಲ ಅಂದ್ರೆ ಹೆಬ್ಬೆಟ್ಟು ಸಾಕು" ಎಂದು ಡ್ರೈವರಿಗೆ ಸನ್ನೆ ಮಾಡಿದ. ಡ್ರೈವರ್ ಬಾಗಿಲು ಹಾಕಿದ. ಬದರಿನಾಥ ನನ್ನ ಎಡಗೈ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಕೊಸರಿದೆ. ಆಗಲಿಲ್ಲ. ಬಲಗೈ ಎತ್ತಿ, ಬ್ಯಾಂಡೇಜಿನ ಮೊಂಡುಗೈಯಿಂದಲೇ ಅವನ ಮೂಗಿಗೆ ಗುದ್ದಿದೆ. ಅವನ ಮೂಗೂ ಒಡೆಯಿತು, ನನ್ನ ಗಾಯವೂ ಬಾಯಿಬಿಟ್ಟಿತು. ಕಣ್ಣು ಕತ್ತಲಿಟ್ಟಿತು. ಆದರೂ ಅವನ ಕೈಯನ್ನು ಕಚ್ಚಿ ಹಿಡಿದೆ. ಅಕ್ಕಪಕ್ಕದವರು ಬಾಗಿಲು ಬಡಿದ ಮೇಲೆ ಓಡಿದ. ಕಾಗದದ ಮೇಲೆ ಅವನ ರಕ್ತ, ನನ್ನ ರಕ್ತ, ಅರ್ಧ ಹೆಬ್ಬೆಟ್ಟು. ಅದನ್ನು ಲತಾಮಣಿ ಮೇಡಂ ತೆಗೆದಿಟ್ಟುಕೊಂಡಿದ್ದಾರೆ. ಅವನ ಮೇಲೆ ಪೊಲೀಸ್ ದೂರೂ ಕೊಟ್ಟಿದ್ದೇವೆ.

ಆದ್ದರಿಂದ ಸಹಿ ಇಲ್ಲ. ನೀನು ದೀಪಾವಳಿಗೆ ಬರುವುದಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೋ, ಆದರೆ ಆ ವಕೀಲನನ್ನು ಮತ್ತೆ ಭೇಟಿಯಾಗಬೇಡ. ಬದರಿನಾಥ ಹೇಳಿದ್ದನ್ನು ನಂಬಬೇಡ. ಇನ್ನೂ ಹೇಳುವುದಿದೆ. ಈಗ ಆಗುವುದಿಲ್ಲ.

ವಿಜಿ


ಜೈಲು
15 ಜೂನ್ 2023

ವಿಜಯಲಕ್ಷ್ಮಿಯವರಿಗೆ,

ಅವನು ನಿನ್ನ ಮೈ ಮುಟ್ಟಿದ್ದಕ್ಕೆ ಅವನನ್ನು ಸಿಗಿಯಬೇಕು. ಅದು ಬೇರೆ ಮಾತು. ಹೊರಗೆ ಬಂದ ದಿನ ನೋಡಿಕೊಳ್ಳುತ್ತೇನೆ.

ಆದರೆ ಹೊರಗೆ ಬರುವುದು ಯಾವಾಗ? ನನ್ನ ಜಾಮೀನು ಅರ್ಜಿ ವಜಾ ಆಯಿತು. ನಿನಗಾಗಿ ನಾನು ಒಬ್ಬನನ್ನು ಸಾಯುವ ಹಾಗೆ ಬಡಿದೆ. ನನಗಾಗಿ ನಿನ್ನಿಂದ ಒಂದು ಸಹಿ ಆಗಲಿಲ್ಲ. ನಿನಗೆ ತಮ್ಮ ಬೇಡ, ಪರಿಹಾರ ಬೇಕು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬೆರಳು ಮಾರಿ ಬದುಕುವವಳು ನೀನು.

ಆ ದೇವದಾಸ ನನ್ನನ್ನು ಗುರುತಿಸಿದರೆ ಎಷ್ಟು ವರ್ಷವಾಗುತ್ತದೋ ಗೊತ್ತಿಲ್ಲ. ಅವನು ಅವತ್ತೇ ಸಾಯಬೇಕಿತ್ತು. ನನ್ನ ಏಟು ಸಾಲಲಿಲ್ಲ.

ಇನ್ನು ನೀನು ಬರೆಯದಿದ್ದರೂ ನಡೆಯುತ್ತದೆ.

ಗುರುಸಿದ್ದ


ಚಿಕ್ಕಲಸಂದ್ರ
9 ಜುಲೈ 2023

ಗುರು,

ಇದನ್ನು ಕೂತುಕೊಂಡು ಓದು. ಪಕ್ಕದಲ್ಲಿ ಯಾರಾದರೂ ಇರಲಿ. ಇಷ್ಟು ದಿನ ಮುಚ್ಚಿಟ್ಟದ್ದು ನಿನ್ನ ಜೀವಕ್ಕೆ ಹೆದರಿ. ಗೊತ್ತಾದರೆ ನೀನು ಏನಾದರೂ ಮಾಡಿಕೊಂಡೀಯೆಂದು. ಆದರೆ 'ಅವನು ಅವತ್ತೇ ಸಾಯಬೇಕಿತ್ತು' ಎಂದು ಬರೆದ ಮೇಲೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಆ ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಕಬ್ಬಿಣ ಇಳಿದು ತಗಡನ್ನು ಕತ್ತರಿಸಬೇಕು. ಹಾಗಿದ್ದರೆ ಕೈ ಒಳಗೆ ಸಿಗುವ ಮಾತೇ ಇಲ್ಲ. ಮುಂದೆ ಕಬ್ಬಿಣದ ಜಾಲರಿ, ಅದೇ ಗಾರ್ಡ್. ಪೀಸು ಬೇಗ ಬೇಗ ಬೀಳಲಿ ಎಂದು ಬದರಿನಾಥ ಫೆಬ್ರವರಿಯಲ್ಲಿ ಬಟನ್ ತಪ್ಪಿಸಿ ಕಾಲಿನ ಪೆಡಲ್ ಹಾಕಿಸಿದ, ಜಾಲರಿ ಬಿಚ್ಚಿಸಿದ. ದೇವದಾಸ್ ಅಣ್ಣ ಒಪ್ಪಲಿಲ್ಲ. ನನ್ನೆದುರಿಗೇ ಹೇಳಿದರು: "ಕ್ಲಚ್ ಸವೆದಿದೆ ಸಾರ್. ಒಂದ್ಸಲ ತುಳಿದ್ರೆ ಎರಡು ಸಲ ಬೀಳುತ್ತೆ. ಗಾರ್ಡ್ ಇಲ್ದೆ ನಾನು ಈ ಮಷೀನ್ ಮುಟ್ಟಲ್ಲ." ಬದರಿನಾಥ ಹೊರಗಿನ ಮೆಕ್ಯಾನಿಕ್ ಕರೆಸಿ ಮಾಡಿಸಿದ. ಅಣ್ಣ ಮಷೀನಿನ ಪುಸ್ತಕದಲ್ಲಿ ಮೂರು ಸಲ ಬರೆದರು, 'ಗಾರ್ಡ್ ಇಲ್ಲ, ಅಪಾಯ' ಎಂದು.

ಅವತ್ತು ನಾನು ಒಂದೇ ಸಲ ತುಳಿದೆ. ಕಬ್ಬಿಣ ಬಿತ್ತು, ಎದ್ದಿತು. ಪೀಸು ತೆಗೆಯಲು ಕೈ ಹಾಕಿದೆ. ತಾನಾಗಿಯೇ ಮತ್ತೆ ಬಿತ್ತು.

ಮೊದಲು ನೋವಾಗಲಿಲ್ಲ ಗುರು. ಸದ್ದು ಕೇಳಿಸಿತು. ಎಳೆದೆ, ಕೈ ಬರಲಿಲ್ಲ. ಕಬ್ಬಿಣ ಕೆಳಗೇ ಕಚ್ಚಿಕೊಂಡಿತ್ತು. ಆಮೇಲೆ ನೋವು ಬಂತು. ಎಲ್ಲರೂ ಚೀರಿಕೊಂಡು ದೂರ ಓಡಿದರು. ಓಡಿ ಬಂದವರು ಅವರೊಬ್ಬರೇ. ಮೇನ್ ಸ್ವಿಚ್ ಆರಿಸಿದರು. ಕಬ್ಬಿಣವನ್ನು ಎತ್ತಿ ಇಳಿಸುವ ದೊಡ್ಡ ಚಕ್ರದ ತೂತಿಗೆ ಹಾರೆ ಸಿಕ್ಕಿಸಿ ತಿರುಗಿಸಲು ನಿಂತರು. ಮೋಟಾರಿನ ಕೆಲಸವನ್ನು ಒಬ್ಬ ಮನುಷ್ಯ ಕೈಯಿಂದ ಮಾಡಬೇಕು. ಒಂದಿಷ್ಟು ತಿರುಗಿದರೆ ನಾನು ಕಿರುಚುತ್ತಿದ್ದೆ, ಅವರು ನಿಲ್ಲಿಸುತ್ತಿದ್ದರು. ಕೊನೆಗೆ ನಾನೇ, "ನಿಲ್ಲಸಬ್ಯಾಡ್ರಿ ಅಣ್ಣಾ, ನಾ ಸತ್ತರೂ ನಿಲ್ಲಸಬ್ಯಾಡ್ರಿ" ಎಂದೆ. ಅವರು ಅಳುತ್ತ ತಿರುಗಿಸಿದರು. ಅಂಗೈಯ ಚರ್ಮ ಕಿತ್ತು ಹಾರೆ ಜಾರುತ್ತಿತ್ತು. ಹನ್ನೊಂದು ನಿಮಿಷವಾಯಿತಂತೆ. ಕೈ ಬಿಟ್ಟುಕೊಂಡ ತಕ್ಷಣ ತಮ್ಮ ಬೆಲ್ಟ್ ಬಿಚ್ಚಿ ನನ್ನ ತೋಳಿಗೆ ಬಿಗಿದರು. ಆ ಬೆಲ್ಟ್ ಇಲ್ಲದಿದ್ದರೆ ದಾರಿಯಲ್ಲೇ ಸಾಯುತ್ತಿದ್ದೆ ಎಂದು ಡಾಕ್ಟರ್ ಹೇಳಿದರು. ಬೆರಳುಗಳನ್ನು ಹುಡುಕಿ ಐಸಿನಲ್ಲಿಟ್ಟವರೂ ಅವರೇ.

ಆಸ್ಪತ್ರೆಯಲ್ಲಿ ಅವರು ತಲೆ ತಗ್ಗಿಸಿದ್ದು ಯಾಕೆ ಗೊತ್ತೇ? ಕೆಲಸ ಹೋದರೂ ಸರಿ, ಆ ಪೆಡಲನ್ನು ಮೊದಲೇ ಕಿತ್ತು ಬಿಸಾಡಬೇಕಿತ್ತು ಎಂದು.

ಅಪಘಾತವಾದ ಮಾರನೆಯ ದಿನವೇ ಬದರಿನಾಥ ಆ ಪುಸ್ತಕ ಮಾಯ ಮಾಡಿದ. ಆದರೆ ಅಣ್ಣ ಮೂರೂ ಪುಟಗಳ ಫೋಟೋ ತೆಗೆದಿಟ್ಟುಕೊಂಡಿದ್ದರು. ಫೋನಿನಲ್ಲಿ. ಆ ಸಂಜೆ ಅದನ್ನು ನಮಗೆ ಕೊಡಲೆಂದೇ ಹೊರಟಿದ್ದರು. 'ನಿನ್ನನ್ನೇ' ಎಂದರಲ್ಲ, ನಿನ್ನನ್ನೇ ಹುಡುಕುತ್ತಿದ್ದೆ ಎನ್ನಲು ಬಾಯಿ ತೆರೆದಿದ್ದರು. ಆ ಬಾಯನ್ನೇ ನೀನು ಮುರಿದೆ.

ದವಡೆ ಎರಡು ಕಡೆ ಮುರಿದಿದೆ. ಒಂದು ಕಣ್ಣು ಹೋಗಿದೆ.

ಏಪ್ರಿಲ್‌ನಲ್ಲಿ ತಲಘಟ್ಟಪುರದ ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಹೆಂಡತಿ ಪದ್ಮಶ್ರೀ. ನಾನು ಯಾರೆಂದು ಗೊತ್ತಾದ ಕೂಡಲೇ ಕೆನ್ನೆಗೆ ಹೊಡೆದರು. "ಅವ್ರ ಕಣ್ಣು ತೆಗ್ಸಿ ಈಗ ಸಾಕ್ಷಿ ಕೇಳಕ್ ಬಂದ್ಯಾ?" ಎಂದು ಇನ್ನೊಮ್ಮೆ ಹೊಡೆದರು. ತುಟಿ ಒಡೆಯಿತು. ನಿಂತುಕೊಂಡೇ ಇದ್ದೆ. ಒಳಗೆ ಬಾಬಾಸಾಹೇಬರ ಪಟದ ಕೆಳಗೆ ಅಣ್ಣ ಮಂಚದ ಮೇಲೆ ಕೂತಿದ್ದರು. ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು, ಪೈಪಿನಲ್ಲಿ ಗಂಜಿ ಹೀರುತ್ತಿದ್ದರು. ಹೆಂಡತಿಯತ್ತ ಬೇಡವೆಂದು ಕೈಯಾಡಿಸಿ, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು: 'ನಿನ್ನ ತಮ್ಮನಿಗೆ ಗೊತ್ತಿರಲಿಲ್ಲ.'

ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ವಿಜಿ


ಜೈಲು
12 ಸೆಪ್ಟೆಂಬರ್ 2023

ಅಕ್ಕಾ,

ಯಾವ ಕಣ್ಣು?

ಎರಡು ತಿಂಗಳಿಂದ ಬರೆಯಬೇಕೆಂದು ಕೂತರೆ ಇದೊಂದೇ ಮಾತು ಬರುತ್ತದೆ. ಪೈಪು ಎಲ್ಲೆಲ್ಲಿ ಬಿತ್ತೆಂದು ನೆನಪು ಮಾಡಿಕೊಳ್ಳುತ್ತೇನೆ. ನೆನಪಾಗುವುದಿಲ್ಲ. ಒಬ್ಬ ಮನುಷ್ಯನ ಕಣ್ಣು ತೆಗೆದೆ, ಯಾವುದೆಂದು ನನಗೆ ಗೊತ್ತಿಲ್ಲ.

ನಿನ್ನ ಪತ್ರ ಓದಿದ ದಿನ ಗೋಡೆಗೆ ಬಲಗೈ ಗುದ್ದಿಕೊಂಡೆ. ಮುರಿಯಿತೆಂದು ಗೊತ್ತಾದ ಮೇಲೂ ಗುದ್ದಿದೆ. ನಾಲ್ಕು ಜನ ಹಿಡಿದುಕೊಂಡರು. ಪ್ಲಾಸ್ಟರ್ ಹಾಕಿದ್ದರು, ಹೋದ ವಾರ ಬಿಚ್ಚಿದರು. ಬೆರಳು ಪೂರ್ತಿ ಮಡಚಲಾಗುವುದಿಲ್ಲ.

ಜಾಮೀನಿಗೆ ಮತ್ತೆ ಅರ್ಜಿ ಹಾಕಬೇಡಿ ಎಂದು ಸರಕಾರ ನನಗೆ ಕೊಟ್ಟಿರುವ ವಕೀಲರಿಗೆ ಹೇಳಿದ್ದೇನೆ. ಬದರಿನಾಥನ ವಕೀಲ ಬಂದಿದ್ದ, ಭೇಟಿಗೆ ಹೋಗಲಿಲ್ಲ.

ಬೆರಳು ಮಾರಿ ಬದುಕುವವಳು ಎಂದು ಬರೆದಿದ್ದೆ. ಆ ಪತ್ರ ಇದ್ದರೆ ಸುಟ್ಟುಬಿಡು.

ಗುರು


ಚಿಕ್ಕಲಸಂದ್ರ
20 ಜನವರಿ 2024

ಗುರು,

ಎಡಗಣ್ಣು.

ಉತ್ತರಿಸಲು ತಡಮಾಡಿದೆ. ನಿನ್ನ ಮೇಲೆ ಸಿಟ್ಟಿತ್ತು. ಕೈ ಮುರಿದುಕೊಂಡದ್ದಕ್ಕೆ ಇನ್ನೂ ಸಿಟ್ಟು. ಮನೆಯಲ್ಲಿ ಇದ್ದ ನಾಲ್ಕು ಕೈಯಲ್ಲಿ ಎರಡು ಹಾಳಾದವು. ಯಾರಿಗೆ ಏನು ಬಂತು?

ಮೊನ್ನೆ ಗುರುವಾರ ನನ್ನ ಪರಿಹಾರದ ಕೇಸಿನಲ್ಲಿ ದೇವದಾಸ್ ಅಣ್ಣ ಸಾಕ್ಷಿ ಹೇಳಿದರು. ಲತಾಮಣಿ ಮೇಡಂ ಅವರನ್ನು ಒತ್ತಾಯ ಮಾಡಿರಲಿಲ್ಲ. ನಾನೂ ಕೇಳಿರಲಿಲ್ಲ. ಬದರಿನಾಥ ಮಾತ್ರ ಎರಡು ಸಲ ಅವರ ಮನೆಗೆ ಹೋಗಿದ್ದನಂತೆ. ಗಾರ್ಡನ್ನು ವಿಜಯಲಕ್ಷ್ಮಿಯೇ ತೆಗೆದಳು ಎಂದರೆ ಕಣ್ಣಿನ ಚಿಕಿತ್ಸೆ, ಮತ್ತೆ ಕೆಲಸ, ಎಲ್ಲ ಕೊಡುತ್ತೇನೆಂದು. ಎರಡನೆಯ ಸಲ ಪದ್ಮಶ್ರೀಯವರೇ ಅವನ ಕಾರಿನ ಗಾಜಿಗೆ ಕಲ್ಲು ಹೊಡೆದು ಕಳಿಸಿದರು.

ಅಣ್ಣನ ಮಾತು ಈಗ ತೊದಲುತ್ತದೆ. ಒಂದೊಂದು ಶಬ್ದಕ್ಕೂ ಜೊಲ್ಲು ಒರೆಸಿಕೊಳ್ಳಬೇಕು. ಬದರಿನಾಥನ ವಕೀಲ ಜೋರಾಗಿ ಕೇಳಿದ: "ಪುಸ್ತಕ ಇಲ್ಲ, ಫೋಟೋ ಇಲ್ಲ. ನಿಮ್ಮ ಕಣ್ಣು ತೆಗೆದೋನ ಅಕ್ಕನ ಪರವಾಗಿ ಹೇಳೋಕೆ ನಿಮಗೇನು ಆಸೆ ತೋರ್ಸಿದ್ದಾರೆ?"

ಅಣ್ಣ ಬಾಯಿ ಒರೆಸಿಕೊಂಡರು. "ಅವನ ಅಕ್ಕ ಅಂತ ನಾನು ಸುಳ್ಳು ಹೇಳಿದ್ರೆ ನಿಮಗೆ ಸರಿಹೋಗ್ತಿತ್ತು, ಅಲ್ವಾ ಸಾರ್? ಗಾರ್ಡ್ ಬಿಚ್ಸಿದ್ದು ಇವ್ರು" ಎಂದು ಬದರಿನಾಥನತ್ತ ಬೆರಳು ತೋರಿಸಿದರು. "ನಾನು ಬೇಡ ಅಂದೆ. ಬರೆದಿಟ್ಟೆ. ಈ ಹುಡುಗಿ ಕೈ ಒಳಗಿದ್ದಾಗ ಚಕ್ರ ತಿರುಗಿಸ್ದೋನೂ ನಾನೇ. ಆ ಸದ್ದು ನನಗೆ ಈಗ್ಲೂ ಕೇಳ್ಸುತ್ತೆ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವರಿಗೆ ನೀರು ಕೊಡಿಸಿದರು. ರಕ್ತ ಹತ್ತಿದ ಆ ಅರ್ಧ ಹೆಬ್ಬೆಟ್ಟಿನ ಕಾಗದವನ್ನೂ ಮೇಡಂ ಕೋರ್ಟಿಗೆ ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಅಣ್ಣ ಹೇಳಿದರು: "ನಿನ್ನ ತಮ್ಮನ ಕೇಸಲ್ಲೂ ಕರೀತಾರೆ ಕಣಮ್ಮ. ಅಲ್ಲೂ ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

ಅವರ ಕಾಲು ಹಿಡಿದುಬಿಡಲೇ ಅನಿಸಿತು. ನಿಜ ಬರೆಯುತ್ತೇನೆ ಗುರು, ಅನಿಸಿತು. ಆದರೆ, "ಹೇಳ್ರಿ ಅಣ್ಣಾ" ಎಂದೆ.

ವಿಜಿ


ಜೈಲು
22 ಆಗಸ್ಟ್ 2024

ಅಕ್ಕಾ,

ಬೇಡವೆಂದಿದ್ದರೂ ನೀನು ಕೋರ್ಟಿಗೆ ಬಂದಿದ್ದೆ. ಹಿಂದಿನ ಬೆಂಚಿನಲ್ಲಿ ಸೆರಗಿನೊಳಗೆ ಕೈಯಿಟ್ಟುಕೊಂಡು ಕೂತಿದ್ದೆ. ಒಂದೂವರೆ ವರ್ಷದ ಮೇಲೆ ನಿನ್ನನ್ನು ಕಂಡೆ. ತಲೆ ಎತ್ತಲಾಗಲಿಲ್ಲ. ನೀನು ನೋಡಿದ್ದೀ, ಆದರೆ ನಾನು ನಿಂತಿದ್ದ ಜಾಗದಿಂದ ಅದು ಹೇಗಿತ್ತೆಂದು ಬರೆಯುತ್ತೇನೆ.

ದೇವದಾಸ್ ಅವರು ಪದ್ಮಶ್ರೀಯವರ ತೋಳು ಹಿಡಿದು ಒಳಗೆ ಬಂದರು. ಎಡಗಡೆ ಇದ್ದ ಮೇಜು ಕಾಣದೆ ಎಡವಿದರು. ಸರಕಾರಿ ಲಾಯರು, "ಹೊಡೆದವನು ಇಲ್ಲಿದ್ದಾನಾ?" ಎಂದು ಕೇಳಿದರು. ಅವರು ಕಟಕಟೆಯ ಹತ್ತಿರ ಬಂದರು. ಒಂದು ಮಾರಿಗಿಂತ ಕಡಿಮೆ ದೂರ. ಮುಖ ಪೂರ್ತಿ ತಿರುಗಿಸಿ ಆ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. ಉಗಿಯಲಿ ಎಂದುಕೊಂಡೆ. ಹೊಡೆಯಲಿ ಎಂದುಕೊಂಡೆ. ಸಿಟ್ಟಿನಲ್ಲಿ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಣುವುದಕ್ಕೆ ಕಷ್ಟಪಡುತ್ತಿದ್ದರು ಅಷ್ಟೇ.

"ಹೌದು, ಇವನೇ" ಎಂದರು.

ನನ್ನ ವಕೀಲರು ಪ್ರಶ್ನೆ ಕೇಳಲು ಎದ್ದರು. ಹಿಂದಿನ ದಿನ ಎಲ್ಲ ಹೇಳಿಕೊಟ್ಟಿದ್ದರು: ಮಬ್ಬುಗತ್ತಲಿತ್ತು, ಕಣ್ಣು ಸರಿಯಿಲ್ಲ, ಬೇರೆ ಯಾರೋ ಇರಬಹುದು. ಕಣ್ಣು ಸರಿಯಿಲ್ಲ! ನಾನು ತೆಗೆದ ಕಣ್ಣನ್ನೇ ನನ್ನ ಪರವಾಗಿ ಹಿಡಿಯಬೇಕಿತ್ತು. ತಡೆಯಲಾಗಲಿಲ್ಲ. "ಬ್ಯಾಡ್ರಿ ಸಾಹೇಬ್ರ, ಅವರಿಗೇನೂ ಕೇಳಬ್ಯಾಡ್ರಿ. ಹೊಡದಾಂವ ನಾನ. ಬಿದ್ದ ಮ್ಯಾಲೂ ಹೊಡದೀನಿ" ಎಂದೆ. ನ್ಯಾಯಾಧೀಶರು, ಯಾರಾದರೂ ಹೆದರಿಸಿದ್ದಾರಾ, ಯೋಚಿಸಿ ಹೇಳು ಎಂದು ಮೂರು ಸಲ ಕೇಳಿದರು. ಮೂರು ಸಲವೂ ಅದನ್ನೇ ಹೇಳಿದೆ.

ಇವತ್ತು ಶಿಕ್ಷೆ ಹೇಳಿದರು. ನಾಲ್ಕು ವರ್ಷ. ಒಳಗಿದ್ದ ದಿನಗಳೂ ಅದರಲ್ಲೇ ಸೇರುತ್ತವಂತೆ.

ಅವರ ಸಾಕ್ಷಿಯ ದಿನ ಹೊರಡುವಾಗ ಅವರ ಹತ್ತಿರ ಹೋಗಲು ಪೊಲೀಸರು ಬಿಡಲಿಲ್ಲ. ಕೈ ಮುಗಿದೆ. ಅವರು ನನ್ನ ಬಲಕ್ಕಿದ್ದರು, ಅಂದರೆ ಅವರ ಎಡಗಡೆ ನಾನು. ಅವರಿಗೆ ಕಾಣಲಿಲ್ಲ. ಪದ್ಮಶ್ರೀಯವರಿಗೆ ಕಂಡಿತು. ಅವರು ಮುಖ ತಿರುಗಿಸಿದರು.

ಗುರು


ಚಿಕ್ಕಲಸಂದ್ರ
14 ಡಿಸೆಂಬರ್ 2024

ಗುರು,

ನನ್ನ ಕೇಸಿನ ತೀರ್ಪು ಬಂತು. ಗಾರ್ಡ್ ತೆಗೆಸಿದವನು ಮಾಲೀಕ, ಪರಿಹಾರ ಅವನೇ ಕೊಡಬೇಕು, ತಡಮಾಡಿದ್ದಕ್ಕೆ ಬಡ್ಡಿಯನ್ನೂ ದಂಡವನ್ನೂ ಕೊಡಬೇಕು ಎಂದು ಬರೆದಿದ್ದಾರೆ. ಬದರಿನಾಥ ಹೈಕೋರ್ಟಿಗೆ ಹೋಗುತ್ತಾನಂತೆ. ಹೋಗಬೇಕಾದರೂ ಮೊದಲು ಪೂರ್ತಿ ಮೊತ್ತ ಕೋರ್ಟಿನಲ್ಲಿ ಕಟ್ಟಬೇಕು ಎಂದರು ಲತಾಮಣಿ ಮೇಡಂ. ತೀರ್ಪನ್ನು ಎರಡು ಸಲ ಓದಿಸಿದೆ. 'ಕೆಲಸಗಾರ್ತಿಯ ತಪ್ಪು ಏನೂ ಇಲ್ಲ' ಎಂಬ ಸಾಲಿಗೆ ಬಂದಾಗ ಅಳು ಬಂತು. ಇಷ್ಟು ದಿನ ನನ್ನೊಳಗೂ ಒಂದು ಮೂಲೆಯಲ್ಲಿ ಆ ಅನುಮಾನ ಇತ್ತು ಅನಿಸುತ್ತದೆ.

ಆದರೆ ಇವತ್ತು ಬರೆಯಲು ಕೂತದ್ದು ಅದಕ್ಕಲ್ಲ.

ಸೋಮವಾರ ಕೊಟ್ರಪ್ಪ ಫೋನ್ ಮಾಡಿದ್ದ. ಈಗ ಆ ಪ್ರೆಸ್ಸಿನ ಮೇಲೆ ಅವನೇ. ಬಳ್ಳಾರಿ ಕಡೆಯವನು, ಎರಡು ಮಕ್ಕಳು. "ಅಕ್ಕಾ, ಕೇಸು ನಡೆಯೋತನಕ ಜಾಲರಿ ಹಾಕಿದ್ರು. ತೀರ್ಪು ಬಂದ ಮರುದಿನಾನ ಮತ್ತ ಬಿಚ್ಚಿಸ್ಯಾರ. ಪೆಡಲ್ ಬಂದೈತಿ. ನಿನ್ನೆ ಎರಡು ಸಲ ತಾನ ಬಿತ್ತು" ಎಂದ. ದೇವದಾಸ್ ಅಣ್ಣನಿಗೆ ಹೇಳಿದೆ. ನಾನೂ ಬರ್ತೀನಿ ಎಂದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕೋಣನಕುಂಟೆಗೆ ಹೋದೆವು. ಗೇಟು ತೆರೆದೇ ಇತ್ತು. ಪ್ರೆಸ್ ಓಡುತ್ತಿತ್ತು. ಕೊಟ್ರಪ್ಪ ಸ್ಟೂಲಿನ ಮೇಲೆ, ಕಾಲು ಪೆಡಲಿನ ಮೇಲೆ. ಜಾಲರಿ ತಗಡಿನ ಚೂರುಗಳ ರಾಶಿಯ ಮೇಲೆ ಬಿದ್ದಿತ್ತು. ಬದರಿನಾಥ ಒಳಗಿನಿಂದ ಬಂದ. "ನಿಮ್ ದುಡ್ಡು ಕೋರ್ಟಲ್ಲಿ ತಗೊಳ್ಳಿ. ಇಲ್ಲೇನ್ ಕೆಲಸ? ಆಚೆ ನಡೀರಿ" ಎಂದ. ಅಣ್ಣ ಶಾಂತವಾಗಿ, "ಗಾರ್ಡ್ ಹಾಕ್ಸಿ ಸಾರ್, ಹೋಗ್ತೀವಿ" ಎಂದರು. ಬದರಿನಾಥ ಅವರ ಎದೆಗೆ ಕೈಯಿಟ್ಟು ನೂಕಿದ. ಎಡಗಡೆಯ ಕಂಬ ಕಾಣದೆ ಅಣ್ಣ ಅದಕ್ಕೆ ತಲೆ ಬಡಿದುಕೊಂಡರು. ಹಣೆಯಿಂದ ರಕ್ತ ಇಳಿಯಿತು.

ಆಮೇಲೆ ನಾನು ಮಾಡಿದ್ದು ನನಗೆ ಹೆಜ್ಜೆ ಹೆಜ್ಜೆಯಾಗಿ ನೆನಪಿಲ್ಲ. ಪ್ರೆಸ್ಸಿನ ಹತ್ತಿರ ಹೋದೆ. ಕೊಟ್ರಪ್ಪನನ್ನು ಪಕ್ಕಕ್ಕೆ ತಳ್ಳಿದೆ. ನನ್ನ ಎಡಗೈ, ಈ ಪತ್ರ ಬರೆಯುತ್ತಿರುವ ಇದೇ ಕೈ, ಅದನ್ನು ಆ ಕಬ್ಬಿಣದ ಕೆಳಗಿಟ್ಟೆ. ದೊಡ್ಡ ಚಕ್ರ ತಿರುಗುತ್ತಲೇ ಇತ್ತು. ತುಳಿಯದಿದ್ದರೂ ಬೀಳುವ ಮಷೀನು ಅದು.

"ತುಳೀರಿ" ಎಂದೆ ಬದರಿನಾಥನಿಗೆ. "ಇದೊಂದು ಉಳದೈತಿ. ಇದನ್ನೂ ತಗೋರಿ. ಬಂದು ತುಳೀರಿ!"

ಬದರಿನಾಥನ ಮುಖ ಸುಣ್ಣದಂತಾಯಿತು. ನನಗೆ ಅವನ ಮುಖ ಹಾಗೆ ನೋಡಲು ಹಿತವಾಗಿತ್ತು. ಇನ್ನಷ್ಟು ಹೊತ್ತು ನೋಡಬೇಕೆನಿಸಿತು. ಕೈ ಹೋದರೂ ಹೋಗಲಿ, ಇವನ ಮೇಲೆ ಆ ರಕ್ತ ಹಾರಲಿ ಎನಿಸಿತು.

ಕೊಟ್ರಪ್ಪ ಓಡಿಹೋಗಿ ಮೇನ್ ಆರಿಸಿದ. ಚಕ್ರ ಮಾತ್ರ ನಿಲ್ಲದೆ ತಿರುಗುತ್ತಿತ್ತು. ಅಷ್ಟರಲ್ಲಿ ದೇವದಾಸ್ ಅಣ್ಣ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದರು. ಇಬ್ಬರೂ ಚೂರುಗಳ ಮೇಲೆ ಬಿದ್ದೆವು. ಕಬ್ಬಿಣ ಬಿತ್ತು. ನಾವು ಬಿದ್ದ ಮೇಲೆ, ಒಂದೇ ಸಲ, ತಾನಾಗಿ. ಕೆಳಗೆ ಏನೂ ಇರಲಿಲ್ಲ.

ಅಣ್ಣ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ಮೆಂಟ್ಲಾ ನಿಂಗೆ? ಇನ್ನೊಂದ್ಸಲ ಆ ಚಕ್ರ ತಿರುಗ್ಸೋ ಶಕ್ತಿ ನನಗಿಲ್ಲ ಕಣೇ! ನನಗಿಲ್ಲ!" ಎಂದು ಕೂಗಿದರು. ಮಾತು ತೊದಲಲಿಲ್ಲ.

ಮೊದಲು ಕೊಟ್ರಪ್ಪ, "ನಾ ಇದರ ಮ್ಯಾಲ ಕೂಡಂಗಿಲ್ರಿ ಸಾಹೇಬ್ರ" ಎಂದ. ಆಮೇಲೆ ಪಕ್ಕದ ಮಷೀನು ನಿಂತಿತು. ಆಮೇಲೆ ಅದರಾಚೆಯದು. ಎಂಟು ಜನವೂ ಎದ್ದು ನಿಂತರು. ಬದರಿನಾಥ ಬೈದ, ಪೊಲೀಸರನ್ನು ಕರೆಯುತ್ತೇನೆ ಎಂದ. ಯಾರೋ, "ಕರೀರಿ, ನಾವೇ ತೋರಿಸ್ತೀವಿ" ಎಂದರು. ಒಂದು ಗಂಟೆಯ ಹೊತ್ತಿಗೆ ಅವನೇ ಕ್ಲಚ್ಚಿನ ಅಂಗಡಿಗೆ ಫೋನ್ ಮಾಡಿದ. ಮಧ್ಯಾಹ್ನವೆಲ್ಲ ಅಣ್ಣ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತು ಹೇಳುತ್ತ ಹೋದರು, ಕೊಟ್ರಪ್ಪ ಬಿಚ್ಚಿ ಜೋಡಿಸುತ್ತ ಹೋದ.

ಇದನ್ನು ಲತಾಮಣಿ ಮೇಡಂಗೂ ಹೇಳಿಲ್ಲ. ನಿನಗೆ ಯಾಕೆ ಹೇಳುತ್ತಿದ್ದೇನೆಂದರೆ, ಆ ಗಳಿಗೆಯಲ್ಲಿ ನನ್ನೊಳಗಿದ್ದದ್ದು ಧೈರ್ಯವಲ್ಲ. ನೀನು ಪೈಪು ಎತ್ತಿದಾಗ ನಿನ್ನೊಳಗೆ ಏನಿತ್ತೆಂದು ನನಗೆ ಅವತ್ತು ಗೊತ್ತಾಯಿತು. ಅದರ ರುಚಿ ಗೊತ್ತಾಯಿತು. ನನ್ನನ್ನು ಹಿಂದಕ್ಕೆ ಎಳೆಯಲು ಒಬ್ಬರಿದ್ದರು. ನಿನ್ನ ಹಿಂದೆ ಯಾರೂ ಇರಲಿಲ್ಲ. ಇದನ್ನು ಕ್ಷಮೆ ಎಂದು ಓದಬೇಡ. ಅದು ನನ್ನ ಕೈಯಲ್ಲಿಲ್ಲ. ಅಣ್ಣ ನಿನ್ನ ಬಗ್ಗೆ ಒಂದೆರಡು ಸಲ ಕೇಳಿದ್ದಾರೆ. ಪದ್ಮಶ್ರೀಯವರು ನಿನ್ನ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಹೋಗಲಿ. ಅವರಿಗೆ ಅಷ್ಟು ಹಕ್ಕಿದೆ.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಪೆಡಲನ್ನು ಕಿತ್ತು ಗುಜರಿಗೆ ಹಾಕಿದರು. ಕೊಟ್ರಪ್ಪ ಸ್ಟೂಲಿನ ಮೇಲೆ ಕೂತು ಒಮ್ಮೆ ನನ್ನತ್ತ ನೋಡಿದ. ಕಬ್ಬಿಣ ಇಳಿಯಿತು, ಎದ್ದಿತು, ನಿಂತಿತು. ಅವನ ಎರಡೂ ಕೈ ಬಟನ್‌ಗಳ ಮೇಲಿದ್ದವು, ಜಾಲರಿಯ ಈಚೆ.

ವಿಜಿ